ಗಿಳಿಯ ರೆಕ್ಕೆಗೆ ವಾಚಕ್ಕನ ಗುರುತು

ವಾಚಕ್ಕನ ನಿಜವಾದ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿದೆ. ಯಾರಾದರೂ ಆ ಹೆಸರಿನಿಂದ ಕೂಗಿದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಾ ಕೂತಿರುತ್ತಾಳೆ. ಬಸ್ ನಿಲ್ದಾಣದ ಎದುರಿನ ಹಳೇ ಕಟ್ಟಡದಲ್ಲಿ, ಮಹಡಿಗೆ ಹೋಗುವ ಮೆಟ್ಟಿಲ ಅಡಿಯಲ್ಲಿ ಅವಳ ವಾಚ್ ರಿಪೇರಿ ಅಂಗಡಿ. ಅಂಗಡಿ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಒಂದು ಮೇಜು, ಒಂದು ಸ್ಟೂಲು, ಬಗ್ಗಿಸಿದ ಕಡೆ ಬಗ್ಗುವ ಒಂದು ದೀಪ, ಗೋಡೆಯ ಮೇಲೆ ಹನ್ನೊಂದು ಗಡಿಯಾರ. ಮೆಟ್ಟಿಲು ಇಳಿಜಾರಾಗಿ ತಲೆಯ ಮೇಲೇ ಬರುವುದರಿಂದ ಎಷ್ಟೇ ದೊಡ್ಡ ಮನುಷ್ಯ ಬಂದರೂ ಅವಳ ಮುಂದೆ ತಲೆ ತಗ್ಗಿಸಿಯೇ ನಿಲ್ಲಬೇಕು. ತಗ್ಗಿಸದವರಿಗೆ ಮೆಟ್ಟಿಲೇ ಬುದ್ಧಿ ಕಲಿಸುತ್ತದೆ.

ಕಸುಬು ಅಪ್ಪನಿಂದ ಬಂದದ್ದು. ಹತ್ತೊಂಬತ್ತರ ಹುಡುಗಿಯನ್ನು ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡಾಗ ಗಿರಾಕಿಗಳು ಮೂಗು ಮುರಿದರು. "ಹುಡುಗಿ ಕೈಗೆ ವಾಚ್ ಕೊಡೋದಾ?" ಎಂದರು. ಅಪ್ಪ ತಲೆ ಎತ್ತದೆ ಹೇಳಿದ್ದರು: "ಯಾಕೆ, ಮೀಸೆ ಇದ್ರೇನೇ ವಾಚ್ ಓಡೋದಾ?" ಮೂವತ್ತೆಂಟು ವರ್ಷದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಲು ಯಾರೂ ತಿರುಗಿ ಬರಲಿಲ್ಲ.

ಅಪ್ಪ ಎರಡು ಪದ್ಧತಿ ಬಿಟ್ಟುಹೋಗಿದ್ದರು, ಎರಡನ್ನೂ ವಾಚಕ್ಕ ತಪ್ಪಿಸಿದವಳಲ್ಲ. ಒಂದು, ರಿಪೇರಿಯಾದ ವಾಚನ್ನು ಅದೇ ದಿನ ಕೊಡುವಂತಿಲ್ಲ. ಒಂದು ಹಗಲು, ಒಂದು ರಾತ್ರಿ ತನ್ನ ಬಳಿಯೇ ಓಡಿಸಿ ನೋಡಬೇಕು. ಗಿರಾಕಿ ಮದುವೆಗೆ ಹೊರಟಿರಲಿ, ರೈಲಿಗೆ ಹೊರಟಿರಲಿ, ಅವನ ಆತುರ ಅವನಿಗೆ. ಇನ್ನೊಂದು, ವಾಚಿನ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ಕಂಡೂ ಕಾಣದ ಹಾಗೆ ತನ್ನ ಗುರುತು ಗೀರಬೇಕು. ಅಪ್ಪನದು ಒಂದು ಗೀಟು. ಅವಳದು ಒಂದು ಗೀಟು, ಪಕ್ಕದಲ್ಲಿ ಒಂದು ಚುಕ್ಕೆ. ವಾಚು ಹಾಕಿಕೊಂಡವನಿಗೆ ಅದು ಜನ್ಮದಲ್ಲಿ ಕಾಣುವುದಿಲ್ಲ. "ಮತ್ಯಾರಿಗಪ್ಪಾ ಇದು?" ಎಂದು ಕೇಳಿದ್ದಕ್ಕೆ ಅಪ್ಪ, "ಮುಂದೆ ಬಿಚ್ಚೋರಿಗೆ" ಎಂದಿದ್ದರು. ಮುಂದೊಂದು ದಿನ ಎಲ್ಲೋ ಯಾವನೋ ರಿಪೇರಿಯವನು ಮುಚ್ಚಳ ತೆಗೆದಾಗ, ಇದು ಕೈ ಬಲ್ಲವರು ಮುಟ್ಟಿದ ವಾಚು ಎಂದು ಅವನಿಗೆ ಗೊತ್ತಾಗಬೇಕು. ಅಷ್ಟೇ.

ಈಗ ಬಿಚ್ಚುವವರೂ ಇಲ್ಲ, ಮುಚ್ಚುವವರೂ ಇಲ್ಲ. ಎಲ್ಲರ ಜೇಬಿನಲ್ಲೂ ಫೋನಿದೆ, ಫೋನಿನಲ್ಲೇ ಟೈಮಿದೆ. ಮಗ ಅದೇ ಮೆಟ್ಟಿಲ ಅಡಿಯಲ್ಲಿ ಫೋನಿನ ಕವರು, ಚಾರ್ಜರು ಮಾರಲು ಶುರುಮಾಡಿ ನಾಲ್ಕು ವರ್ಷವಾಯಿತು. ಒಳ್ಳೆಯ ಹುಡುಗ, ಅಮ್ಮನ ಮೇಜನ್ನು ಮುಟ್ಟಿರಲಿಲ್ಲ. ಆದರೆ ಕವರುಗಳು ಬಳ್ಳಿಯ ಹಾಗೆ ಹಬ್ಬಿ ಹಬ್ಬಿ ಮೇಜು ಗೋಡೆಗೆ ಒತ್ತಿಕೊಂಡಿತ್ತು. ವಾರಕ್ಕೊಬ್ಬ ಬಂದರೆ ಅವನೂ ಸೆಲ್ ಹಾಕಿಸುವವನೇ. ಒಂದು ದಿನ ವಾಚಕ್ಕನೇ ಬಾಯಿಬಿಟ್ಟು ಹೇಳಿದಳು: "ನಾನು ಊರಿಗೆ ಹೋಗಿ ಬರೋಷ್ಟರಲ್ಲಿ ಈ ಮೇಜು ತೆಗೆದುಬಿಡಪ್ಪ. ಸಾಕು." ಮಗ ತಲೆ ತಗ್ಗಿಸಿಕೊಂಡು ಕವರುಗಳನ್ನು ಜೋಡಿಸತೊಡಗಿದ.

ಊರಿಗೆ ಅಂದರೆ ಸಣ್ಣ ಊರಲ್ಲ, ಸಮುದ್ರ ದಾಟಿದ ಊರು. ಕರೆದುಕೊಂಡು ಹೊರಟವಳು ತಂಗಿ. ಈ ತಂಗಿ ಹೆಡ್‌ಮಿಸ್ ಆಗಿ ಅವಧಿಗೆ ಮೊದಲೇ ನಿವೃತ್ತಳಾದವಳು, ಆದರೆ ಶಾಲೆಯಿಂದ ಮಾತ್ರ. ರಸ್ತೆಯಲ್ಲಿ, ಬಸ್ಸಿನಲ್ಲಿ, ಅಕ್ಕನ ಅಡುಗೆಮನೆಯಲ್ಲಿ ಇನ್ನೂ ಹೆಡ್‌ಮಿಸ್ಸೇ. "ಜಗತ್ತಿನ ಟೈಮೆಲ್ಲಾ ಸರಿ ಮಾಡಿದೆ ಅಕ್ಕ, ಜಗತ್ತನ್ನ ಮಾತ್ರ ನೋಡಲಿಲ್ಲ" ಎಂದು ಹೇಳಿ, ಟಿಕೆಟು ಮಾಡಿಸಿ, ಆಮೇಲೆ ಕೇಳಿದಳು ಬರ್ತೀಯಾ ಅಂತ. ಒಂದು ವಾರ ಊರು ಸುತ್ತುವುದು, ಎರಡು ವಾರ ಕಾಡಿನ ಪಕ್ಕದ ಪ್ರಾಣಿ ಆರೈಕೆ ಕೇಂದ್ರದಲ್ಲಿ ಸೇವೆ ಮಾಡುವುದು. ಕೇಂದ್ರದ ಜಾಹೀರಾತಿನಲ್ಲಿ ಯಾರೋ ಒಬ್ಬರು ಮರಿಕೋತಿಯನ್ನು ಎದೆಗವುಚಿಕೊಂಡ ಫೋಟೋ ಇತ್ತಂತೆ. ಅದನ್ನು ನೋಡಿಯೇ ತಂಗಿ ಹೊಸ ಬಟ್ಟೆ ಹೊಲಿಸಿದ್ದಳು.

ಹೊಸ ಬಟ್ಟೆಗೆ ಮೊದಲ ದಿನವೇ ಕೊಟ್ಟದ್ದು ಕಸಬರಿಗೆ.

ಕೇಂದ್ರ ಎಂದರೆ ಮರಗಳ ನಡುವೆ ಉದ್ದಕ್ಕೆ ಹಬ್ಬಿದ ಪಂಜರಗಳು, ತಗಡಿನ ಮಾಡಿನ ಒಂದು ಅಡುಗೆಮನೆ, ಗಾಜಿನ ಕಿಟಕಿಯ ಒಂದು ಆಸ್ಪತ್ರೆ ಕೋಣೆ. ಬೆಳಗ್ಗೆ ಆರಕ್ಕೇ ಸೆಕೆ, ಮಧ್ಯಾಹ್ನ ಒಂದು ಮಳೆ, ಮಳೆ ನಿಂತ ಮೇಲೆ ಮತ್ತೂ ಸೆಕೆ. ಅಲ್ಲಿನ ಕಾಯಿದೆಗಳನ್ನು ಗೋಡೆಯ ಮೇಲೆ ಬರೆದಿದ್ದರು: ಪ್ರಾಣಿಗಳಿಗೆ ಹೆಸರಿಡಬಾರದು, ಮಾತಾಡಿಸಬಾರದು, ಮುದ್ದು ಮಾಡಬಾರದು. ಕಾಡಿಗೆ ಹೋಗಬೇಕಾದವು ಮನುಷ್ಯರನ್ನು ಹಚ್ಚಿಕೊಂಡರೆ ಕೆಟ್ಟವು. ಎಲ್ಲಕ್ಕೂ ನಂಬರು. ಮಾತಾಡಬಾರದು ಎಂದಾಗ ತಂಗಿಗೆ ಶಿಕ್ಷೆ ಕೊಟ್ಟ ಹಾಗಾಯಿತು. ವಾಚಕ್ಕನಿಗೆ ಏನೂ ಅನ್ನಿಸಲಿಲ್ಲ. ಅವಳ ವಾಚುಗಳಿಗೂ ನಂಬರೇ, ಅವುಗಳ ಜೊತೆ ಅವಳೂ ಮಾತಾಡಿದವಳಲ್ಲ.

ನಾಲ್ಕು ದಿನ ಇಬ್ಬರೂ ಹಣ್ಣು ಹೆಚ್ಚಿದರು, ಬಟ್ಟಲು ತೊಳೆದರು, ಸಗಣಿಯಂಥದ್ದನ್ನೆಲ್ಲ ಬಾಚಿದರು. ಬಾಳೆಹಣ್ಣನ್ನು ಬೆರಳಿನಷ್ಟು, ಪಪ್ಪಾಯಿಯನ್ನು ಉಗುರಿನಷ್ಟು. ವಾಚಕ್ಕ ಹೆಚ್ಚಿದ ತುಂಡುಗಳು ಎಲ್ಲವೂ ಒಂದೇ ಅಳತೆ. ಪಂಜರಗಳನ್ನು ನೋಡಿಕೊಳ್ಳುವ ಮುದುಕ, ಎಲ್ಲರೂ ತಾತ ಎಂದು ಕರೆಯುವವನು, ಎರಡು ತುಂಡನ್ನು ಪಕ್ಕಪಕ್ಕ ಇಟ್ಟು ನೋಡಿ ತಲೆದೂಗಿದ. ತಂಗಿಯ ತುಂಡುಗಳನ್ನು ನೋಡಿ ಆಮೆಗಳ ಬುಟ್ಟಿಗೆ ಸುರಿದ.

ಐದನೆಯ ದಿನ ವಾಚಕ್ಕ ಆಸ್ಪತ್ರೆ ಕೋಣೆಯ ಕಿಟಕಿಯ ಹೊರಗೆ ಬಟ್ಟಲು ತೊಳೆಯುತ್ತಿದ್ದಳು. ಒಳಗೆ ಡಾಕ್ಟರಮ್ಮ ಚಿಕ್ಕ ಚಾಕುವಿನಿಂದ ಬಿದಿರಿನ ಕಡ್ಡಿಯೊಂದನ್ನು ಸವರುತ್ತಿದ್ದಳು. ಆಳೆತ್ತರದ, ಗಟ್ಟಿಮುಟ್ಟಾದ ಹೆಂಗಸು. ಕೋತಿಯ ಹೊಟ್ಟೆ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಕಡ್ಡಿ ಪಟ್ ಎಂದು ಮುರಿಯಿತು. ಇನ್ನೊಂದು ತೆಗೆದುಕೊಂಡಳು, ಅದೂ ಮುರಿಯಿತು. ಮೂರನೆಯದು ಮುರಿದಾಗ ಅವಳ ಬಾಯಿಂದ ಬಂದ ಮಾತನ್ನು, ಅಕ್ಕನಿಗೆ ದುಭಾಷಿಯಾಗಿ ಪಕ್ಕದಲ್ಲೇ ಇದ್ದ ತಂಗಿ ಅನುವಾದಿಸಲಿಲ್ಲ. ವಾಚಕ್ಕನಿಗೆ ತಡೆಯಲಾಗಲಿಲ್ಲ. ಒದ್ದೆ ಕೈ ಒರೆಸಿಕೊಂಡು ಒಳಗೆ ಹೋದಳು, ಸೊಂಟದ ಚೀಲದಿಂದ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ತೆಗೆದಳು. ವಿಮಾನ ನಿಲ್ದಾಣದಲ್ಲಿ ಅವಳ ಚಿಮಟ ಕಿತ್ತುಕೊಂಡು ಭೂತಗನ್ನಡಿಯನ್ನು ಬಿಟ್ಟಿದ್ದರು, ಪುಣ್ಯ. ಅದನ್ನು ಬಲಗಣ್ಣಿಗೆ ಸಿಕ್ಕಿಸಿಕೊಂಡು, ಎಡಗಣ್ಣು ಮುಚ್ಚಿ, ಡಾಕ್ಟರಮ್ಮನ ಕೈಯಿಂದ ಚಾಕು ತೆಗೆದುಕೊಂಡಳು. ಕೇಳಲೂ ಇಲ್ಲ. ಎರಡು ನಿಮಿಷದಲ್ಲಿ ಮೇಜಿನ ಮೇಲೆ ಸೂಜಿಯಷ್ಟು ತೆಳ್ಳಗಿನ, ಎರಡೂ ತುದಿ ಚೂಪಾದ ಕಡ್ಡಿ ಇತ್ತು.

ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಹೊರಗಿದ್ದ ತಂಗಿಯನ್ನು ಕೂಗಿ, "ನಿಮ್ಮಕ್ಕ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಳು.

ವಿಷಯ ಇದು. ಹಕ್ಕಿ ಮಾರುವವರಿಂದ ವಶಪಡಿಸಿಕೊಂಡ ಹನ್ನೊಂದು ಕಾಡುಗಿಳಿಗಳು ಕೇಂದ್ರದಲ್ಲಿದ್ದವು. ಹತ್ತು ಹಾರಾಡುತ್ತಿದ್ದವು. ಹದಿನಾಲ್ಕನೇ ನಂಬರಿನ ಹೆಣ್ಣುಗಿಳಿಯ ಬಲರೆಕ್ಕೆಯ ಏಳು ದೊಡ್ಡ ಗರಿಗಳನ್ನು ಮಾರುವವನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿಬಿಟ್ಟಿದ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹೊಸ ಗರಿ ಬರಬೇಕಾದರೆ ಹಳೆಯ ಮೊಂಡುಗಳು ತಾವಾಗಿ ಉದುರಬೇಕು, ಅದಕ್ಕೆ ಇನ್ನೂ ಒಂದು ವರ್ಷ. ಮುಂದಿನ ಶನಿವಾರ ಗುಂಪನ್ನು ಕಾಡಿಗೆ ಬಿಡುವುದೆಂದು ಗೊತ್ತಾಗಿತ್ತು, ಕಾಡಿನಲ್ಲಿ ಹಣ್ಣು ಬಿಟ್ಟಿರುವ ಕಾಲ ಅದೊಂದೇ. ಹದಿನಾಲ್ಕಕ್ಕೆ ಜೋಡಿಯಾದ ಹದಿನೈದನೇ ನಂಬರಿನ ಗಂಡುಗಿಳಿ ಹಗಲೆಲ್ಲ ಜಾಲರಿಗೆ ಅಂಟಿಕೊಂಡು, ಆಚೆ ಬದಿಯಲ್ಲಿದ್ದ ಹದಿನಾಲ್ಕರ ಪಕ್ಕಕ್ಕೇ ಕೂತಿರುತ್ತಿತ್ತು.

"ಗಂಡನ್ನ ಒಂದನ್ನೇ ಕಳಿಸಿದ್ರೆ ಅದು ಇಲ್ಲಿಗೇ ವಾಪಸ್ ಬರತ್ತೆ. ಪಂಜರದ ಸುತ್ತಲೇ ಸುತ್ತುತ್ತಾ ಇರತ್ತೆ. ಹಿಡಿಯೋರು ಕಾಯ್ತಾನೇ ಇರ್ತಾರೆ. ಹೋದ ವರ್ಷ ಇನ್ನೊಂದು ಜೋಡಿಯಲ್ಲಿ ಹಾಗೇ ಆಯ್ತು" ಎಂದಳು ಡಾಕ್ಟರಮ್ಮ.

ದಾರಿ ಒಂದಿತ್ತು. ಗರಿಯ ದಂಟು ಒಳಗೆ ಟೊಳ್ಳು. ಹಿಂದೆ ಉದುರಿದ, ಅದೇ ಜಾತಿಯ, ಅದೇ ಜಾಗದ ಗರಿಯನ್ನು ತಂದು, ಮೊಂಡಿನೊಳಕ್ಕೆ ಅರ್ಧ, ಹೊಸ ಗರಿಯೊಳಕ್ಕೆ ಅರ್ಧ ಹೋಗುವ ಹಾಗೆ ಬಿದಿರು ಕಡ್ಡಿ ಸೇರಿಸಿ, ಒಂದು ಹನಿ ಅಂಟು ಹಾಕಿ ಬೆಸೆಯುವುದು. ಗರಿಗೆ ನೋವಿಲ್ಲ, ನಮ್ಮ ಉಗುರಿನ ಹಾಗೆ. ಆದರೆ ಡಾಕ್ಟರಮ್ಮ ಹಿಂದೆ ಮಾಡಿದ್ದ ಬೆಸುಗೆಗಳೆಲ್ಲ ವಾರದೊಳಗೆ ಕಳಚಿಕೊಂಡಿದ್ದವು. ಇದನ್ನು ಹೇಳುವಾಗ ಅವಳು ತನ್ನ ದಪ್ಪ ಬೆರಳುಗಳನ್ನು ತಾನೇ ಬೈದುಕೊಂಡಳು.

ತಾತ ಒಂದು ಮರದ ಪೆಟ್ಟಿಗೆ ತಂದ. ಒಳಗೆ ನೂರಾರು ಲಕೋಟೆ, ಒಂದೊಂದರಲ್ಲೂ ಒಂದೊಂದು ಗರಿ, ಮೇಲೆ ಯಾವ ಹಕ್ಕಿ, ಯಾವ ರೆಕ್ಕೆ, ಎಷ್ಟನೆಯ ಗರಿ ಎಂಬ ಬರಹ. ವಾಚಕ್ಕನಿಗೆ ಮೈ ಜುಮ್ಮೆಂದಿತು. ಅವಳ ಮೇಜಿನ ಖಾನೆಯಲ್ಲೂ ಹೀಗೆಯೇ, ಬೆಂಕಿಪೊಟ್ಟಣಗಳ ತುಂಬ ಸತ್ತ ವಾಚುಗಳ ಚಕ್ರ, ಮುಳ್ಳು, ತಿರುಪು. ಎಸೆಯಲು ಮನಸ್ಸು ಬಾರದೆ ಇಟ್ಟುಕೊಂಡದ್ದೇ ಒಂದು ದಿನ ಇನ್ನೊಂದನ್ನು ಓಡಿಸುತ್ತದೆ. ಪರದೇಶದಲ್ಲಿ, ಭಾಷೆ ಬಾರದ ಕಡೆ, ತನ್ನ ಜಾತಿಯವರು ಸಿಕ್ಕರು ಎಂದು ಅವಳಿಗೆ ಅನ್ನಿಸಿತು.

"ಮಾಡ್ತೀನಿ ಅಂತ ಹೇಳೇ" ಎಂದಳು ತಂಗಿಗೆ.

ತಂಗಿ ಹೇಳಿದ್ದು ಇನ್ನೂ ಉದ್ದವಿತ್ತು. ನಡುವೆ ಅಪ್ಪನ ಹೆಸರು, ಮೂವತ್ತೆಂಟು ವರ್ಷ, ಮೀಸೆ ಎಲ್ಲವೂ ಬಂದುಹೋದವು.

ಹದಿನಾಲ್ಕಕ್ಕೆ ಮೂಗಿಗೆ ಮದ್ದು ಹಿಡಿದು ನಿದ್ದೆ ಬರಿಸಿದರು. ಬಿಳಿ ಬಟ್ಟೆಯ ಮೇಲೆ ರೆಕ್ಕೆ ಬಿಡಿಸಿಟ್ಟರು. ವಾಚಕ್ಕ ಭೂತಗನ್ನಡಿ ಸಿಕ್ಕಿಸಿ ಬಗ್ಗಿದಳು. ಅಲ್ಲಿಂದಾಚೆಗೆ ಅವಳಿಗೆ ಸೆಕೆಯೂ ಇಲ್ಲ, ಪರದೇಶವೂ ಇಲ್ಲ. ಒಂದೊಂದು ಕಡ್ಡಿಯನ್ನೂ ಮೊಂಡಿನ ಅಳತೆಗೆ ಸವರಿ, ಅಂಟು ಪಕ್ಕದ ಗರಿಗೆ ತಾಗದಂತೆ ಅಡಿಯಲ್ಲಿ ಕಾಗದದ ಚೂರಿಟ್ಟು, ಉಸಿರು ಬಿಗಿಹಿಡಿದು ಸೇರಿಸಿದಳು. ಏಳು ಗರಿ, ನಲವತ್ತು ನಿಮಿಷ. ಬೆಸುಗೆಯ ಮೇಲೆ ಬೆರಳಾಡಿಸಿದರೆ ಎಲ್ಲಿ ಸೇರಿತು ಎಂದು ಗೊತ್ತಾಗುತ್ತಿರಲಿಲ್ಲ. ಡಾಕ್ಟರಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಮುಂಗೈಗೆ ಮುತ್ತಿಟ್ಟಳು. ವಾಚಕ್ಕ ನಾಚಿ ನೀರಾದಳು. ಆದರೂ ಅವತ್ತು ಊಟದ ಹೊತ್ತಿಗೆ ಅವಳ ತಲೆ ಮಾಮೂಲಿಗಿಂತ ಎರಡು ಇಂಚು ಮೇಲಿತ್ತು ಎಂದು ತಂಗಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಆ ಎರಡು ಇಂಚು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಹದಿನಾಲ್ಕನ್ನು ಉದ್ದದ ಪಂಜರಕ್ಕೆ ಬಿಟ್ಟರು. ಆ ತುದಿಯ ಕೊಂಬೆಯ ಮೇಲೆ ಹದಿನೈದು ಕೂತು ಕಿರುಚಿತು. ಹದಿನಾಲ್ಕು ಹಾರಿತು. ಹಾರಿದ್ದು ನೇರಕ್ಕಲ್ಲ. ಬಲಕ್ಕೆ ವಾಲಿ, ಗಡಿಯಾರದ ಮುಳ್ಳಿನ ಹಾಗೆ ಒಂದು ಸುತ್ತು ಸುತ್ತಿ ಧೊಪ್ಪೆಂದು ನೆಲಕ್ಕೆ ಬಿತ್ತು. ಎದ್ದು ಮತ್ತೆ ಹಾರಿತು, ಮತ್ತೆ ಬಲಕ್ಕೆ ಸುತ್ತಿ ಬಿತ್ತು. ಮೂರನೆಯ ಸಲ ಬಿದ್ದದ್ದು ಏಳಲಿಲ್ಲ, ಕೊಕ್ಕು ತೆರೆದುಕೊಂಡು ನೆಲದ ಮೇಲೆ ಏದುತ್ತಾ ಕೂತಿತು. ಏಳೂ ಗರಿ ಬಿಗಿಯಾಗಿಯೇ ಇದ್ದವು. ಒಂದೂ ಅಲ್ಲಾಡಿರಲಿಲ್ಲ.

ಬೆಸುಗೆ ಬಿಟ್ಟಿದ್ದರೆ ವಾಚಕ್ಕನಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲವೇನೋ. ಎಲ್ಲಾ ಸರಿಯಿದ್ದೂ ಓಡದ ವಾಚಿನಂಥ ಸೋಲು ರಿಪೇರಿಯವರಿಗೆ ಇನ್ನೊಂದಿಲ್ಲ. ಡಾಕ್ಟರಮ್ಮ ಗರಿಗಳನ್ನು ಪರೀಕ್ಷಿಸಿ ನಿಧಾನವಾಗಿ ಹೇಳಿದಳು, ತಂಗಿ ಅಷ್ಟೇ ನಿಧಾನವಾಗಿ ಅನುವಾದಿಸಿದಳು. "ಇದನ್ನ ಬಿಚ್ಚೋಕೆ ಬೆಸುಗೆಯ ಕೆಳಗೆ ಕತ್ತರಿಸಬೇಕಂತೆ ಅಕ್ಕ. ಆಗ ಉಳಿಯೋ ಮೊಂಡು ಇನ್ನೊಂದು ಸಲಕ್ಕೆ ಮಾತ್ರ ಸಾಕು. ಅದೂ ಕೆಟ್ಟರೆ ಒಂದು ವರ್ಷ ಏನೂ ಮಾಡೋಕಾಗಲ್ಲ. ನೀನು ಬೇಡ ಅಂದ್ರೂ ಪರವಾಗಿಲ್ಲ ಅಂತಿದಾರೆ."

ವಾಚಕ್ಕ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಹಿಂದೆಯೇ ತಂಗಿ ಬಂದಳು.

"ಮಗನಿಗೆ ಮೇಜು ತೆಗಿ ಅಂದಿದ್ದು ಸರಿಯಾಯ್ತು ನೋಡೇ. ಸುಮ್ನೆ ಹಣ್ಣು ಹೆಚ್ಕೊಂಡು ಇರಬೇಕಿತ್ತು ನಾನು" ಎಂದಳು ವಾಚಕ್ಕ.

"ಮೇಜು ತೆಗಿ ಅಂದ್ಯಾ? ಯಾರನ್ನ ಕೇಳಿ ಅಂದೆ? ಅದು ಅಪ್ಪನ ಮೇಜು!" ತಂಗಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅಕ್ಕನ ಮುಖ ನೋಡಿ ನುಂಗಿಕೊಂಡಳು. ಮೂವತ್ತು ವರ್ಷ ಮಕ್ಕಳ ತಪ್ಪು ಲೆಕ್ಕ ನೋಡಿದವಳು, ತಪ್ಪನ್ನು ಬಯ್ಯುವುದಕ್ಕಿಂತ ಹುಡುಕುವುದು ಮೇಲು ಎಂದು ಅವಳಿಗೆ ಗೊತ್ತಿತ್ತು. "ಗರಿ ಸರಿ, ಕಡ್ಡಿ ಸರಿ, ಅಂಟು ಸರಿ. ಹಾಗಾದ್ರೆ ಉಳಿದಿದ್ದೇನು? ನೋಡಿದ್ದು. ಹೆಂಗೆ ನೋಡಿದೆ ನೀನು?"

"ಹೆಂಗೆ ನೋಡ್ತಾರೆ? ಯಾವಾಗಲೂ ನೋಡೋ ಹಾಗೆ."

"ಒಂದು ಕಣ್ಣು ಮುಚ್ಕೊಂಡು."

ತಂಗಿ ಚೀಲದಿಂದ ಪೆನ್ನು ತೆಗೆದಳು. ಕ್ಯಾಪನ್ನು ಅಕ್ಕನ ಒಂದು ಕೈಗೆ, ಪೆನ್ನನ್ನು ಇನ್ನೊಂದು ಕೈಗೆ ಕೊಟ್ಟಳು. "ಎಡಗಣ್ಣು ಮುಚ್ಚು. ಎರಡೂ ಕೈ ಉದ್ದಕ್ಕೆ ಚಾಚು. ಈಗ ಪಕ್ಕದಿಂದ ತಂದು ಕ್ಯಾಪ್ ಹಾಕು. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಮಾಡಿಸ್ತಿದ್ದೆ ಇದನ್ನ."

ವಾಚಕ್ಕ ನಕ್ಕಳು. ಕೂದಲಿಗಿಂತ ತೆಳ್ಳಗಿನ ತಂತಿಯ ಸುರುಳಿ ತಿದ್ದಿದ ಕೈ ಇದು. ಕ್ಯಾಪು ತಂದಳು. ಪೆನ್ನಿನ ಮುಂದೆ ಹಾದುಹೋಯಿತು. ಮತ್ತೆ ತಂದಳು. ಹಿಂದೆ ಹಾದುಹೋಯಿತು. ನಾಲ್ಕನೆಯ ಸಲವೂ ತಪ್ಪಿದಾಗ ಅವಳ ನಗು ನಿಂತಿತು.

"ಒಂದೇ ಕಣ್ಣಿಗೆ ಹಿಂದೆ ಮುಂದೆ ಗೊತ್ತಾಗಲ್ಲ. ಎಲ್ಲಾ ಚಪ್ಪಟೆ ಕಾಣತ್ತೆ" ಎಂದಳು ತಂಗಿ.

ಚಪ್ಪಟೆ. ವಾಚಕ್ಕ ಪೆನ್ನು ಅಲ್ಲೇ ಬಿಟ್ಟು ಎದ್ದಳು. ವಾಚಿನೊಳಗೆ ಎಲ್ಲವೂ ಚಪ್ಪಟೆ, ಚಕ್ರದ ಮೇಲೆ ಚಕ್ರ, ಎಲ್ಲವೂ ಮಟ್ಟಸ. ಮಟ್ಟ ತಪ್ಪಿದರೆ ವಾಚು ನಿಂತಿತು. ಮೂವತ್ತೆಂಟು ವರ್ಷದ ಆ ಅಭ್ಯಾಸದಲ್ಲೇ ಅವಳು ಏಳು ಗರಿಗಳನ್ನೂ ಮೇಜಿಗೆ ಮಟ್ಟಸವಾಗಿ ಕೂರಿಸಿದ್ದಳು. ಪಂಜರದ ಬಳಿಗೆ ಹೋಗಿ, ಭೂತಗನ್ನಡಿಯನ್ನು ಚೀಲದಲ್ಲೇ ಬಿಟ್ಟು, ಎರಡೂ ಕಣ್ಣು ಬಿಟ್ಟು ಹದಿನಾಲ್ಕರ ಎಡರೆಕ್ಕೆಯನ್ನು ನೋಡಿದಳು. ಅದು ರೆಕ್ಕೆ ಬಿಚ್ಚಿ ಮುಚ್ಚುವುದನ್ನೇ ಸಂಜೆಯ ತನಕ ನೋಡಿದಳು. ಗರಿಗಳು ಮಟ್ಟಸವಾಗಿರಲಿಲ್ಲ. ಮಾಡಿನ ಹೆಂಚುಗಳ ಹಾಗೆ ಒಂದೊಂದೂ ಒಂಚೂರು ಓರೆ, ತುದಿಗೆ ಹೋದ ಹಾಗೆ ಆ ಓರೆ ಹೆಚ್ಚು. ಗಾಳಿಯನ್ನು ಹಿಡಿಯುವುದು ಆ ಓರೆಯೇ. ದೇವರು ಕೊಟ್ಟ ಸರಿಯುತ್ತರ ಎಡಗಡೆಯಲ್ಲೇ ಇತ್ತು, ಅವಳು ತಿರುಗಿ ನೋಡಿರಲಿಲ್ಲ.

"ಇನ್ನೊಂದು ಸಲ ಮಾಡ್ತೀನಿ. ಈ ಸಲ ಎಡರೆಕ್ಕೇನೂ ಬಿಡಿಸಿಟ್ಟು, ನೋಡ್ಕೊಂಡು ಮಾಡ್ತೀನಿ" ಎಂದಳು.

ಎರಡನೆಯ ಸಲ ನಲವತ್ತು ನಿಮಿಷದಲ್ಲಿ ಮುಗಿಯಲಿಲ್ಲ. ಕಡ್ಡಿ ಸವರುವಾಗ ಮಾತ್ರ ಭೂತಗನ್ನಡಿ. ಗರಿ ಕೂರಿಸುವಾಗ ಅದನ್ನು ತೆಗೆದಿಟ್ಟು, ಎಡರೆಕ್ಕೆಯ ಅದೇ ನಂಬರಿನ ಗರಿಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ನೋಡಿ, ಅಂಟು ಬಿಗಿಯುವ ಮುಂಚಿನ ಆ ಚೂರು ಹೊತ್ತಿನಲ್ಲಿ ದಂಟನ್ನು ಕೂದಲೆಳೆಯಷ್ಟು ತಿರುಗಿಸುವುದು. ಮೊಂಡುಗಳು ಉಗುರಿನಷ್ಟೂ ಉಳಿದಿರಲಿಲ್ಲ. ಡಾಕ್ಟರಮ್ಮ ಹಕ್ಕಿಯ ಉಸಿರು ಎಣಿಸುತ್ತಿದ್ದಳು. ತಾತ ಲಕೋಟೆ ಬಿಡಿಸಿ ಕೊಡುತ್ತಿದ್ದ. ತಂಗಿ ಅಕ್ಕನ ಹಣೆಯ ಬೆವರು ಒರೆಸುತ್ತಾ, ಒಂದು ಗಂಟೆ ಹತ್ತು ನಿಮಿಷ ಒಂದೇ ಒಂದು ಮಾತು ಆಡಲಿಲ್ಲ. ಅವಳ ಜೀವಮಾನದಲ್ಲಿ ಅದೊಂದು ದಾಖಲೆ.

ಏಳನೆಯ ಗರಿ ಕೂತ ಮೇಲೆ ವಾಚಕ್ಕ ಸೂಜಿ ಕೇಳಿದಳು. ಆ ಗರಿಯ ದಂಟಿನ ಅಡಿಮೈಯಲ್ಲಿ, ಬೆಸುಗೆಯ ಸ್ವಲ್ಪ ಮೇಲೆ, ಒಂದು ಗೀಟು ಗೀರಿ ಪಕ್ಕದಲ್ಲಿ ಚುಕ್ಕೆ ಇಟ್ಟು, ಗೀರಿಗೆ ಮಸಿ ತುಂಬಿದಳು. ಮೊದಲ ಸಲ ಅವಳು ಗುರುತು ಹಾಕಿರಲಿಲ್ಲ. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ, ಈಗ ಗೊತ್ತಾಯಿತು: ಅದು ತನ್ನದೆಂದು ಹೇಳಿಕೊಳ್ಳುವಂಥ ಕೆಲಸವಾಗಿರಲಿಲ್ಲ.

"ಇದು ಯಾರಿಗೆ?" ಎಂದು ಡಾಕ್ಟರಮ್ಮ ನಕ್ಕಳು. "ಕಾಡಲ್ಲಿ ಯಾರು ಓದ್ತಾರೆ?"

"ಮುಂದೆ ಬಿಚ್ಚೋರಿಗೆ" ಎಂದಳು ವಾಚಕ್ಕ. ತಂಗಿ ಅನುವಾದಿಸಲು ಬಾಯಿ ತೆರೆದಳು. ಅಪ್ಪ ನೆನಪಾಗಿ, ಕೈಸನ್ನೆಯಲ್ಲೇ ಏನೋ ಹೇಳಿ ಮುಗಿಸಿದಳು.

ಮಾರನೆಯ ದಿನ ಗುರುವಾರ, ಬೆಳಗ್ಗೆಯೇ ಹಾರಿಸಿ ನೋಡೋಣ ಎಂದಳು ಡಾಕ್ಟರಮ್ಮ. ವಾಚಕ್ಕ ಒಪ್ಪಲಿಲ್ಲ. ಒಂದು ಹಗಲು, ಒಂದು ರಾತ್ರಿ. ಅಷ್ಟು ಓಡದೆ ತನ್ನ ಕೆಲಸ ಕೈಬಿಟ್ಟು ಹೋಗುವುದಿಲ್ಲ. ಹಿಂದಿನ ಸಲವೂ ಅಷ್ಟು ಕಾದಿದ್ದಕ್ಕೇ ಗಿಳಿಗೆ ಸುಸ್ತಿರಲಿಲ್ಲ, ತಪ್ಪು ನನ್ನದೆಂದು ಸರಿಯಾಗಿ ಗೊತ್ತಾಯಿತು, ಇಲ್ಲದಿದ್ದರೆ ಮದ್ದಿನ ಮಂಪರು ಎಂದುಕೊಂಡು ಕೂತಿರುತ್ತಿದ್ದೆವು ಎಂದು ವಾದಿಸಿದಳು. ಡಾಕ್ಟರಮ್ಮ ಕೈಮುಗಿಯುವುದೊಂದು ಬಾಕಿ. ಗುರುವಾರವಿಡೀ ವಾಚಕ್ಕ ಪಂಜರದಿಂದ ಹತ್ತು ಹೆಜ್ಜೆ ದೂರದಲ್ಲಿ ಸ್ಟೂಲು ಹಾಕಿಕೊಂಡು, ಮಾತಾಡದೆ, ಮುದ್ದು ಮಾಡದೆ, ಕಾಯಿದೆ ಮುರಿಯದೆ ಕೂತಿದ್ದಳು.

ಶುಕ್ರವಾರ ಬೆಳಗ್ಗೆ ಉದ್ದದ ಪಂಜರದ ಬಾಗಿಲು ತೆಗೆದರು. ಹದಿನಾಲ್ಕು ಕೊಂಬೆಯ ಮೇಲೆ ಕೂತು ಹೊಸ ಗರಿಗಳನ್ನು ಒಂದೊಂದಾಗಿ ಕೊಕ್ಕಿನಿಂದ ಸವರಿ ನೋಡಿತು. ಗಿರಾಕಿ ವಾಚನ್ನು ಕಿವಿಗಿಟ್ಟು ಕೇಳುವ ಹೊತ್ತು ಅದು, ಅವಳಿಗೆ ಚೆನ್ನಾಗಿ ಗೊತ್ತಿದ್ದ ಹೊತ್ತು. ತಾತ ದೂರದ ತುದಿಯಲ್ಲಿ ಹಣ್ಣಿನ ಬಟ್ಟಲು ಇಟ್ಟ. ಹದಿನೈದು ಕಿರುಚಿತು.

ಹದಿನಾಲ್ಕು ಹಾರಿತು. ವಾಚಕ್ಕ ತಂಗಿಯ ತೋಳು ಹಿಡಿದಳು. ಗಿಳಿ ಒಂದು ಕ್ಷಣ ಬಲಕ್ಕೆ ವಾಲಿತು, ರೆಕ್ಕೆ ಗಾಳಿ ಹಿಡಿಯಿತು, ಸರಿಯಾಯಿತು. ಪಂಜರದ ಆ ತುದಿಗೆ ನೇರವಾಗಿ ಹೋಗಿ ಹದಿನೈದರ ಪಕ್ಕ ಕೂತು, ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಪಪ್ಪಾಯಿ ತುಂಡಿಗೆ ಬಾಯಿ ಹಾಕಿತು. ವಾಚಕ್ಕ ಹೆಚ್ಚಿದ ತುಂಡು. ಯಾರೂ ಚಪ್ಪಾಳೆ ತಟ್ಟುವಂತಿರಲಿಲ್ಲ. ಡಾಕ್ಟರಮ್ಮ ಬಾಯಿ ಮುಚ್ಚಿಕೊಂಡು ಕುಣಿದಳು. ತಂಗಿಯ ತೋಳಿನ ಮೇಲೆ ಐದು ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ಶನಿವಾರ ಹನ್ನೊಂದನ್ನೂ ಬಿಟ್ಟರು. ಮಾಡಿನ ಜಾಲರಿ ಸರಿಸಿದರು, ದೂರ ನಿಂತರು. ಒಂದು ಹೋಯಿತು, ನಾಲ್ಕು ಹೋದವು, ಮತ್ತೆ ನಾಲ್ಕು ಒಟ್ಟಿಗೆ ಹೋದವು. ಹದಿನಾಲ್ಕು, ಹದಿನೈದು ಕೊನೆಗೆ ಹೋದವು. ಮರದ ತುದಿಯವರೆಗೆ ಜೊತೆಯಲ್ಲಿ ಕಂಡವು, ಆಮೇಲೆ ಕಾಣಲಿಲ್ಲ. ತಿರುಗಿ ಬರಲಿಲ್ಲ. ವಾಚಕ್ಕ ಕತ್ತು ನೋಯುವವರೆಗೂ ಆಕಾಶ ನೋಡಿದಳು. ಅಪ್ಪ ಇರಬೇಕಿತ್ತು ಎಂದು ಬಾಯಿಬಿಟ್ಟೇ ಹೇಳಿದಳು. "ಇದ್ದಿದ್ರೆ ಮೊದಲನೇ ಸಲ ಕೆಟ್ಟಿದ್ದಕ್ಕೆ ಬಯ್ತಿದ್ರು" ಎಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತಾ. ಮರಿಕೋತಿಯ ಜೊತೆ ಫೋಟೋ ತೆಗೆಸಿಕೊಳ್ಳುವುದು ಅವಳಿಗೆ ನೆನಪಾದದ್ದು ವಿಮಾನ ಹತ್ತಿದ ಮೇಲೆ.

ಊರಿಗೆ ಬಂದ ಮಾರನೆಯ ದಿನ ವಾಚಕ್ಕ ಮೆಟ್ಟಿಲ ಅಡಿಗೆ ಹೋದಳು. ಮೇಜು ಇದ್ದಲ್ಲೇ ಇತ್ತು. ಅದರ ಸುತ್ತಲಿನ ಕವರುಗಳು ಮಾತ್ರ ಎರಡಡಿ ಹಿಂದೆ ಸರಿದಿದ್ದವು.

"ತೆಗೆಯೋಣ ಅಂತ ಎರಡು ಸಲ ಕೈ ಹಾಕಿದೆ. ಆಗಲಿಲ್ಲಮ್ಮ. ನೀನೇ ತೆಗಿ" ಎಂದ ಮಗ.

"ಯಾಕೆ ತೆಗೀಲಿ?" ಎಂದು ವಾಚಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಅಪ್ಪನ ಮೇಜು ಇದು. ದೀಪ ಹಾಕು."

ಗಿರಾಕಿಗಳೇನೂ ಮುಗಿಬೀಳಲಿಲ್ಲ, ಸುಳ್ಳು ಯಾಕೆ. ವಾರಕ್ಕೊಬ್ಬ ಬರುತ್ತಿದ್ದಲ್ಲಿ ಇಬ್ಬರು ಬರತೊಡಗಿದರು, ಅದಕ್ಕೂ ತಂಗಿ ಬೀದಿಬೀದಿಯಲ್ಲಿ ಗಿಳಿಯ ಕತೆ ಹೇಳಿದ್ದೇ ಕಾರಣ. ಆದರೆ ಮೇಜಿನ ಮುಂದೆ ಕೂರುವ ವಾಚಕ್ಕ ಬೇರೆಯವಳಾಗಿದ್ದಳು. ಇನ್ನು ಯಾರಿಗೆ ಬೇಕು ಈ ಕೈ ಎಂದು ಅವಳು ಮತ್ತೆ ಕೇಳಲಿಲ್ಲ.

ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಮಧ್ಯಾಹ್ನ ತಂಗಿ ಓಡಿಬಂದು, ತಲೆ ತಗ್ಗಿಸಲು ಮರೆತು, ಮೆಟ್ಟಿಲಿಗೆ ಹಣೆ ಚಚ್ಚಿಸಿಕೊಂಡು, ಅದನ್ನೂ ಲೆಕ್ಕಿಸದೆ ಫೋನನ್ನು ಅಕ್ಕನ ಮುಂದೆ ಹಿಡಿದಳು. ಡಾಕ್ಟರಮ್ಮ ಫೋಟೋ ಕಳಿಸಿದ್ದಳು. ತಾತನ ಸುಕ್ಕುಗಟ್ಟಿದ ಅಂಗೈ, ಅದರ ಮೇಲೆ ಒಂದು ಹಸಿರು ಗರಿ.

"ಕಾಡಲ್ಲಿ ಒಂದು ಮರದ ಕೆಳಗೆ ತಾತನಿಗೆ ಸಿಕ್ತಂತೆ. ಹದಿನಾಲ್ಕರದೇ. ಮೇಲೆ ಪೊಟರೆ ಇದೆ, ಎರಡೂ ಅಲ್ಲೇ ಇವೆ, ರೆಕ್ಕೆ ತುಂಬ ಹೊಸ ಗರಿ ಬರ್ತಾ ಇದೆಯಂತೆ." ಹೇಳುತ್ತಾ ಹೇಳುತ್ತಾ ತಂಗಿಯ ದನಿ ಸ್ವಲ್ಪ ಸಪ್ಪಗಾಯಿತು. "ಆದ್ರೆ ನಿನ್ನ ಕೆಲಸ ಬಿದ್ದುಹೋಯ್ತಲ್ಲೇ ಅಕ್ಕ."

ವಾಚಕ್ಕ ಭೂತಗನ್ನಡಿ ಸಿಕ್ಕಿಸಿಕೊಂಡು ಫೋನಿನ ಮೇಲೆ ಬಗ್ಗಿದಳು. ಗರಿಯ ಬುಡದಲ್ಲಿ ಮೊಂಡು ಹಾಗೇ ಸೇರಿಕೊಂಡಿತ್ತು. ಒಂದು ವರ್ಷದ ಮಳೆ, ಗಾಳಿ, ಹಾರಾಟ ಕಂಡ ಬೆಸುಗೆ ಕೂದಲೆಳೆಯಷ್ಟೂ ಬಾಯಿ ಬಿಟ್ಟಿರಲಿಲ್ಲ. ಅದರ ಮೇಲೆ, ಮಸಿ ಮಾಸಿ, ಒಂದು ಗೀಟು, ಒಂದು ಚುಕ್ಕೆ.

"ಬಿದ್ದಿಲ್ಲ ಕಣೇ" ಎಂದಳು. "ಓಡಿಸೋಷ್ಟು ದಿನ ಓಡಿಸಿ, ಗಿಳಿಯಮ್ಮ ತಾನೇ ಬಿಚ್ಚಿದಾಳೆ."

ಆಮೇಲೆ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕಣ್ಣು ಬಿಟ್ಟು ಇನ್ನೊಮ್ಮೆ ನೋಡಿದಳು.